ಗರ್ಭಕೋಶದ ತಾರೀಖು



ಉರ್ದುವಿನ 'ತಾರೀಖ್' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ದಿನಾಂಕ, ಇನ್ನೊಂದು ಇತಿಹಾಸ. ಕನ್ನಡಕ್ಕೆ ಬರುವಾಗ ಈ ಶಬ್ದ ಮೊದಲನೆಯ ಅರ್ಥವನ್ನು ಮಾತ್ರ ಹೊತ್ತು ತಂದಿತು. 'ಇವತ್ತು ಎಷ್ಟನೇ ತಾರೀಖು?' ಎಂದು ನಾವೆಲ್ಲ ದಿನವೂ ಕೇಳುತ್ತೇವೆ. ಆದರೆ ಯಾವ ಸಂಗತಿ ಯಾವಾಗ ನಡೆಯಿತು ಎಂದು ಗೊತ್ತಿಲ್ಲದಿದ್ದರೆ ಅದರ ಅರ್ಥವೂ ನಮಗೆ ತಿಳಿಯುವುದಿಲ್ಲ. ಹೀಗಾಗಿ ಒಂದೇ ಶಬ್ದ ದಿನಾಂಕಕ್ಕೂ ಇತಿಹಾಸಕ್ಕೂ ಸಲ್ಲುವುದು ಸರಿಯಾಗಿಯೇ ಇದೆ.

ಇಂದು ನಾನು ಬರೆಯುತ್ತಿರುವುದು ಸುಲ್ತಾನರ ತಾರೀಖನ್ನಲ್ಲ. ಪ್ರತಿ ಮನೆಯಲ್ಲಿಯೂ ನಡೆಯುವ, ಆದರೆ ಯಾವ ಮನೆಯಲ್ಲಿಯೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯ ತಾರೀಖನ್ನು ಬರೆಯುತ್ತಿದ್ದೇನೆ. ಹೆಣ್ಣಿನ ಗರ್ಭಕೋಶದ ಒಳಪದರು ತಿಂಗಳುದ್ದಕ್ಕೂ ಹೇಗೆ ಬದಲಾಗುತ್ತದೆ, ಅದನ್ನು ಮನುಷ್ಯ ಯಾವಾಗ ತಿಳಿದುಕೊಂಡ, ತಿಳಿಯುವ ಮೊದಲು ಏನೇನು ಅನಾಹುತಗಳಾದವು ಎಂಬುದೇ ಈ ಲೇಖನದ ವಿಷಯ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಈ ಪಾಠ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಸಾಲುಗಳ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ನಾಚಿಕೆಪಡದೆ, ಸಮಾಧಾನದಿಂದ ಓದಬೇಕೆಂದು ವಿನಂತಿ.

ಒಳಪದರು ಎಂದರೇನು?

ಗರ್ಭಕೋಶವನ್ನು ನಮ್ಮ ಕಡೆ ಗರ್ಭಚೀಲವೆಂದೂ ಕರೆಯುತ್ತಾರೆ. ಇದು ಮುಷ್ಟಿ ಗಾತ್ರದ, ದಪ್ಪ ಸ್ನಾಯುವಿನ ಒಂದು ಅಂಗ. ಇದರ ಒಳಮೈಗೆ ಮೆತ್ತಗಿನ ಒಂದು ಪದರಿದೆ. ವೈದ್ಯರು ಇದಕ್ಕೆ ಎಂಡೋಮೆಟ್ರಿಯಂ ಎನ್ನುತ್ತಾರೆ. ಈ ಪದರಿನಲ್ಲಿ ಎರಡು ಭಾಗಗಳಿವೆ. ತಳಭಾಗ ಎಂದಿಗೂ ಉದುರುವುದಿಲ್ಲ. ಮೇಲ್ಭಾಗ ಪ್ರತಿ ತಿಂಗಳು ಬೆಳೆದು, ಗರ್ಭ ನಿಲ್ಲದಿದ್ದರೆ ಉದುರಿಹೋಗುತ್ತದೆ.

ಮುಟ್ಟಿನ ಮೊದಲ ದಿನವನ್ನೇ ಚಕ್ರದ ಒಂದನೇ ದಿನವೆಂದು ಎಣಿಸುತ್ತಾರೆ. ಮುಟ್ಟು ಮುಗಿಯುವ ಹೊತ್ತಿಗೆ ಪದರು ಕೆಲವೇ ಮಿಲಿಮೀಟರು ದಪ್ಪ ಉಳಿದಿರುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಎಂಬ ರಸದ ಪ್ರಭಾವದಿಂದ ಅದು ಮತ್ತೆ ಬೆಳೆಯತೊಡಗುತ್ತದೆ. ಗ್ರಂಥಿಗಳು ಉದ್ದವಾಗುತ್ತವೆ, ರಕ್ತನಾಳಗಳು ಸುರುಳಿ ಸುರುಳಿಯಾಗಿ ಮೇಲೇರುತ್ತವೆ. ಇದು ಬೆಳವಣಿಗೆಯ ಹಂತ. 28 ದಿನಗಳ ಚಕ್ರದಲ್ಲಿ ಸುಮಾರು 14ನೇ ದಿನ ಅಂಡ ಬಿಡುಗಡೆಯಾಗುತ್ತದೆ. ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಚಿಕ್ಕ ಗಡ್ಡೆ ಉಂಟಾಗಿ, ಅದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸವನ್ನು ಸ್ರವಿಸುತ್ತದೆ. ಆಗ ಒಳಪದರಿನ ಗ್ರಂಥಿಗಳು ಗರಗಸದ ಹಲ್ಲಿನಂತೆ ಡೊಂಕಾಗಿ, ಕೂಸಿಗೆ ಬೇಕಾದ ಸಕ್ಕರೆಯ ಅಂಶವನ್ನು ಕೂಡಿಡುತ್ತವೆ. ಇದು ಸ್ರವಿಕೆಯ ಹಂತ. ಈ ಸಮಯದಲ್ಲಿ ಪದರು ಒಂದು ಸೆಂಟಿಮೀಟರಿಗೂ ಮೀರಿ ದಪ್ಪವಾಗಬಹುದು. ಗರ್ಭ ನಿಲ್ಲದಿದ್ದರೆ ಹಳದಿ ಗಡ್ಡೆ ಬತ್ತುತ್ತದೆ, ರಸಗಳು ಇಳಿಯುತ್ತವೆ, ಸುರುಳಿ ನಾಳಗಳು ಬಿಗಿದುಕೊಂಡು ಮೇಲ್ಭಾಗಕ್ಕೆ ರಕ್ತ ನಿಲ್ಲುತ್ತದೆ. ಪದರು ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು.

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರು, ಅಂದರೆ ಎರಡು ಮೂರು ದೊಡ್ಡ ಚಮಚೆಯಷ್ಟು. ಇನ್ನೊಂದು ವಿಶೇಷವನ್ನು ಗಮನಿಸಿರಿ. ನಮ್ಮ ಕೈಗೆ ಆಳವಾದ ಗಾಯವಾದರೆ ಕಲೆ ಉಳಿಯುತ್ತದೆ. ಆದರೆ ಈ ಪದರು ಒಂದು ಹೆಣ್ಣಿನ ಜೀವಮಾನದಲ್ಲಿ ಸುಮಾರು 400 ಸಲ ಉದುರಿದರೂ ಕಲೆಯಿಲ್ಲದೆ ವಾಸಿಯಾಗುತ್ತದೆ. ಇನ್ನೂ ರಕ್ತ ಹೋಗುತ್ತಿರುವಾಗಲೇ ತಳಭಾಗದಿಂದ ಹೊಸ ಪದರು ಚಿಗುರಲು ಆರಂಭಿಸಿರುತ್ತದೆ.

ಹಳೆಯ ಹಕೀಮರು, ವೈದ್ಯರು ಏನು ತಿಳಿದಿದ್ದರು?

ಹಿಂದಿನವರಿಗೆ ಇದಾವುದೂ ಕಾಣುತ್ತಿರಲಿಲ್ಲ. ಕಾಣಲು ಸೂಕ್ಷ್ಮದರ್ಶಕ ಬೇಕಿತ್ತು. ಗ್ರೀಕರ ಗ್ಯಾಲೆನ್, ಹೆಣ್ಣಿನ ಮೈಯಲ್ಲಿ ಹೆಚ್ಚಾದ ರಕ್ತ ತಿಂಗಳಿಗೊಮ್ಮೆ ಹೊರಹೋಗುತ್ತದೆ, ಗರ್ಭಿಣಿಯಾದಾಗ ಅದೇ ರಕ್ತ ಕೂಸಿಗೆ ಆಹಾರವಾಗುತ್ತದೆ ಎಂದು ಬಗೆದಿದ್ದನು. ಈ ವಿಚಾರ ಅರಬರ ಮೂಲಕ ಮುಂದುವರಿಯಿತು. ಇಬ್ನ್ ಸೀನಾ (980-1037) ತನ್ನ 'ಅಲ್ ಖಾನೂನ್' ಗ್ರಂಥದ ಮೂರನೆಯ ಭಾಗದಲ್ಲಿ ಗರ್ಭಕೋಶದ ಕಾಯಿಲೆಗಳನ್ನೂ, ಮುಟ್ಟು ಹೆಚ್ಚಾಗುವುದನ್ನೂ, ನಿಂತುಹೋಗುವುದನ್ನೂ ಪ್ರತ್ಯೇಕವಾಗಿ ವಿವರಿಸಿದ್ದಾನೆ. ನಮ್ಮ ದೇಶದ ಸುಶ್ರುತ ಸಂಹಿತೆ ಮುಟ್ಟು 12ನೇ ವಯಸ್ಸಿನ ಸುಮಾರಿಗೆ ಆರಂಭವಾಗಿ 50ರ ಸುಮಾರಿಗೆ ನಿಲ್ಲುತ್ತದೆ ಎಂದು ಹೇಳಿತ್ತು. ಇದು ಇಂದಿನ ಲೆಕ್ಕಕ್ಕೂ ಬಹಳ ಹತ್ತಿರ.

ಈ ಎರಡು ಧಾರೆಗಳು ಕೂಡಿದ ಊರುಗಳಲ್ಲಿ ನಮ್ಮ ವಿಜಯಪುರವೂ ಒಂದು ಎಂಬುದು ಅಭಿಮಾನದ ಸಂಗತಿ. 1589ರಲ್ಲಿ ಇಲ್ಲಿಗೆ ಬಂದು ಎರಡನೇ ಇಬ್ರಾಹೀಂ ಆದಿಲ್‌ಶಾಹನ ಆಶ್ರಯದಲ್ಲಿ ನೆಲೆಸಿದ ಮುಹಮ್ಮದ್ ಖಾಸಿಂ ಫಿರಿಶ್ತಾನನ್ನು ನಾವು 'ತಾರೀಖ್-ಎ-ಫಿರಿಶ್ತಾ' ಬರೆದ ಇತಿಹಾಸಕಾರನೆಂದಷ್ಟೇ ಬಲ್ಲೆವು. ಅವನು 'ದಸ್ತೂರ್-ಉಲ್-ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದನು. ಪಾರಸಿ ಓದುವ ಹಕೀಮರಿಗೆ ಭಾರತೀಯ ವೈದ್ಯವನ್ನು ತಿಳಿಸಿಕೊಡುವ ಗ್ರಂಥವದು. ತಾರೀಖು ಬರೆದ ಕೈಯೇ ಔಷಧದ ಪುಸ್ತಕವನ್ನೂ ಬರೆದದ್ದು ನಮಗೆ ಒಂದು ಪಾಠ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಫಿಖ್ಹ್ ಗ್ರಂಥಗಳು 'ಹೈಜ್' ಮತ್ತು 'ಇಸ್ತಿಹಾಜಾ' ಎಂದು ಎರಡು ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿವೆ. ಹೈಜ್ ಎಂದರೆ ತಿಂಗಳ ಸಹಜ ಮುಟ್ಟು. ಇಸ್ತಿಹಾಜಾ ಎಂದರೆ ಅದರ ಲೆಕ್ಕದ ಹೊರಗಿನ ರಕ್ತಸ್ರಾವ. ಹನಫೀ ಪಂಥದಲ್ಲಿ ಹೈಜ್‌ಗೆ ಕನಿಷ್ಠ 3, ಗರಿಷ್ಠ 10 ದಿನಗಳು. ಶಾಫಿಈ ಪಂಥದಲ್ಲಿ ಗರಿಷ್ಠ 15 ದಿನಗಳು. ಇವು ಇಬಾದತ್ತಿಗಾಗಿ ಮಾಡಿದ ಎಣಿಕೆಗಳು, ವೈದ್ಯಕ್ಕಾಗಿ ಮಾಡಿದವಲ್ಲ. ಆದರೂ ಎರಡು ಬಗೆಯ ರಕ್ತಸ್ರಾವವನ್ನು ಬೇರ್ಪಡಿಸಲು ಅವರು ಹಿಡಿದ ಸಾಧನ ದಿನಗಳ ಲೆಕ್ಕವೇ ಆಗಿತ್ತು. ಆ ಲೆಕ್ಕವನ್ನು ಇಡಬೇಕಾದವಳು ಸ್ವತಃ ಆ ಹೆಣ್ಣುಮಗಳೇ ಆಗಿದ್ದಳು.

ನಮ್ಮ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಪರಂಪರೆಯೂ 12ನೇ ಶತಮಾನದಲ್ಲಿಯೇ ಪಂಚಸೂತಕಗಳನ್ನು ನಿರಾಕರಿಸಿತು. ಆ ಐದರಲ್ಲಿ ಮುಟ್ಟಿನ ಸೂತಕವೂ ಒಂದು. ಇಷ್ಟಾದರೂ ಎಂಟುನೂರು ವರ್ಷಗಳ ನಂತರವೂ 'ಹೊರಗಾಗಿದ್ದಾಳೆ' ಎಂಬ ಮಾತು ನಮ್ಮ ಓಣಿಗಳಿಂದ ಹೋಗಿಲ್ಲ.

ಯುರೋಪಿನ ವೈದ್ಯರು ದಾರಿ ತಪ್ಪಿದ್ದು

19ನೇ ಶತಮಾನದಲ್ಲಿ ಯುರೋಪಿನಲ್ಲಿ ವಿಜ್ಞಾನ ಬಹಳ ಮುಂದುವರಿಯಿತು. 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ಸಸ್ತನಿಯ ಅಂಡವನ್ನು ಮೊದಲ ಬಾರಿ ಕಂಡನು. ಆದರೆ ಅದೇ ಶತಮಾನದಲ್ಲಿ ಎರಡು ದೊಡ್ಡ ತಪ್ಪುಗಳೂ ನಡೆದವು.

ಮೊದಲನೆಯ ತಪ್ಪು ನಾಯಿಯಿಂದ ಬಂದಿತು. ಹೆಣ್ಣುನಾಯಿ ಬೆದೆಗೆ ಬಂದಾಗ ರಕ್ತ ಒಸರುತ್ತದೆ, ಅದಾದ ಕೆಲವೇ ದಿನಗಳಲ್ಲಿ ಅದರ ಅಂಡ ಬಿಡುಗಡೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿಯೂ ಮುಟ್ಟಿನ ಆಸುಪಾಸಿನಲ್ಲಿಯೇ ಗರ್ಭ ನಿಲ್ಲುತ್ತದೆ ಎಂದು ಪೂಶೆ, ಬಿಶಾಫ್ ಮುಂತಾದ ವಿದ್ವಾಂಸರು ತೀರ್ಮಾನಿಸಿದರು. ವಾಸ್ತವದಲ್ಲಿ ನಾಯಿಯ ರಕ್ತ ಪದರು ಕಳಚಿ ಬರುವುದಲ್ಲ. ನಮ್ಮಂತೆ ಒಳಪದರು ಉದುರುವ ಪ್ರಾಣಿಗಳು ಬಹಳ ಕಡಿಮೆ: ಕೆಲವು ಮಂಗಗಳು, ವಾನರಗಳು, ಕೆಲವು ಬಾವಲಿಗಳು, ಹೀಗೆ ಬೆರಳೆಣಿಕೆಯಷ್ಟು. ಈ ತಪ್ಪಿನಿಂದ ಸುಮಾರು 80 ವರ್ಷ ವೈದ್ಯರು ದಂಪತಿಗಳಿಗೆ ಉಲ್ಟಾ ಸಲಹೆ ಕೊಟ್ಟರು. ಜಪಾನಿನ ಓಗಿನೊ 1924ರಲ್ಲಿ, ಆಸ್ಟ್ರಿಯಾದ ಕ್ನಾಸ್ ಅದರ ಕೆಲ ವರ್ಷಗಳ ನಂತರ, ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಎಂದು ತೋರಿಸಿಕೊಟ್ಟರು.

ಎರಡನೆಯ ತಪ್ಪು ಇನ್ನೂ ಭಾರಿಯಾದದ್ದು. 1840ರ ದಶಕದಲ್ಲಿ ಪ್ಯಾರಿಸ್ಸಿನ ರೆಕಾಮಿಯೆ ಎಂಬ ವೈದ್ಯನು ಗರ್ಭಕೋಶದ ಒಳಪದರನ್ನು ಕೆರೆದು ತೆಗೆಯುವ ಚಮಚೆಯಂಥ ಉಪಕರಣವನ್ನು ಬಳಕೆಗೆ ತಂದನು. ಕೆರೆದು ತೆಗೆದ ತುಣುಕುಗಳನ್ನು ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದರು. ಒಬ್ಬಳಲ್ಲಿ ಗ್ರಂಥಿಗಳು ನೆಟ್ಟಗೆ, ಇನ್ನೊಬ್ಬಳಲ್ಲಿ ಡೊಂಕು; ಒಬ್ಬಳಲ್ಲಿ ಪದರು ತೆಳು, ಇನ್ನೊಬ್ಬಳಲ್ಲಿ ದಪ್ಪ. ನೆಟ್ಟಗಿದ್ದದ್ದು ಆರೋಗ್ಯ, ಉಳಿದದ್ದೆಲ್ಲ ಒಳಪದರಿನ ಉರಿಯೂತ ಎಂಬ ರೋಗ ಎಂದು ಅವರು ಬಗೆದರು. ಆ ರೋಗದಲ್ಲಿ ಬಗೆಬಗೆಯ ಜಾತಿಗಳನ್ನೂ ಮಾಡಿ ಹೆಸರಿಟ್ಟರು. ಹೆಸರಿಟ್ಟ ಮೇಲೆ ಚಿಕಿತ್ಸೆ ಬೇಕಲ್ಲವೇ? ಮತ್ತೆ ಮತ್ತೆ ಕೆರೆಯುವುದು ನಡೆಯಿತು. ಅಮೆರಿಕದ ರಾಬರ್ಟ್ ಬ್ಯಾಟಿ 1872ರಲ್ಲಿ ಇನ್ನೂ ಮುಂದೆ ಹೋಗಿ, ಮುಟ್ಟಿನ ತೊಂದರೆಗೆಂದು ಅಂಡಾಶಯಗಳನ್ನೇ ಕಿತ್ತುಹಾಕುವ ಶಸ್ತ್ರಕ್ರಿಯೆ ಆರಂಭಿಸಿದನು. ಅದು ಹಲವು ದೇಶಗಳಿಗೆ ಹರಡಿತು.

ಓದುಗರೇ, ಇದನ್ನು ನಮ್ಮ ಹೊಲದ ಉದಾಹರಣೆಯಿಂದ ನೋಡೋಣ. ಕನಮಡಿಯ ಒಂದು ಎರೆಹೊಲದ ನಾಲ್ಕು ಫೋಟೋಗಳನ್ನು ದೂರದ ಊರಿನ ಒಬ್ಬರಿಗೆ ಕಳಿಸಿರಿ. ಜೂನಿನಲ್ಲಿ ಹರಗಿದ ಕರಿ ನೆಲ, ಡಿಸೆಂಬರಿನಲ್ಲಿ ಎದೆಯೆತ್ತರದ ಹಸಿರು ಜೋಳ, ಫೆಬ್ರುವರಿಯಲ್ಲಿ ತೆನೆ ಬಾಗಿದ ದಂಟು, ಏಪ್ರಿಲ್‌ನಲ್ಲಿ ಬರೀ ಕೂಳೆ. ಫೋಟೋಗಳ ಹಿಂದೆ ತಾರೀಖು ಬರೆಯಬೇಡಿರಿ. ಜೋಳ ಬೆಳೆದು ಗೊತ್ತಿಲ್ಲದ ಆ ಮನುಷ್ಯ ಏನೆಂದುಕೊಂಡಾನು? ಒಂದು ಹೊಲ ಚೆನ್ನಾಗಿದೆ, ಉಳಿದ ಮೂರಕ್ಕೆ ರೋಗ ಬಡಿದಿದೆ ಎಂದೇ ತಿಳಿದಾನು. ಯುರೋಪಿನ ವೈದ್ಯರಿಗೆ ಆದದ್ದೂ ಇದೇ.

1908, ವಿಯೆನ್ನಾ

ಈ ಗೋಜಲನ್ನು ಬಿಡಿಸಿದವರು ವಿಯೆನ್ನಾ ನಗರದ ಇಬ್ಬರು ವೈದ್ಯರು: ಫ್ರಿಟ್ಸ್ ಹಿಟ್ಷ್‌ಮನ್ ಮತ್ತು ಲುಡ್ವಿಗ್ ಆಡ್ಲರ್. ಅವರು ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಪ್ರತಿಯೊಂದು ತುಣುಕಿನ ಜೊತೆಗೆ ಆ ಹೆಣ್ಣುಮಗಳ ಮುಟ್ಟಿನ ದಿನಾಂಕವನ್ನೂ ನೋಡಿದರು, ಆ ದಿನಗಳ ಕ್ರಮದಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸಿದರು. ಆಗ ಎಲ್ಲವೂ ಒಂದು ಕ್ರಮಕ್ಕೆ ಬಂದಿತು. ಮುಟ್ಟಿನ ನಂತರ ತೆಳು ಪದರು, ನೆಟ್ಟಗಿನ ಗ್ರಂಥಿ. ಮುಟ್ಟಿಗೆ ಮೊದಲು ದಪ್ಪ ಪದರು, ಡೊಂಕು ಗ್ರಂಥಿ. ಯಾವುದನ್ನು ರೋಗದ ಬಗೆಗಳೆಂದು ಹೆಸರಿಸಿದ್ದರೋ, ಅವುಗಳಲ್ಲಿ ಬಹುಪಾಲು ಆರೋಗ್ಯವಂತ ಹೆಣ್ಣಿನ ಒಂದೇ ತಿಂಗಳಿನ ಬೇರೆ ಬೇರೆ ದಿನಗಳಾಗಿದ್ದವು. ಇದನ್ನು ಅವರು 1908ರಲ್ಲಿ ಪ್ರಕಟಿಸಿದರು. ಋತುವನ್ನು ರೋಗವೆಂದು ಓದಿದ್ದ ಒಂದು ಕಾಲ ಅಲ್ಲಿಗೆ ಮುಗಿಯಬೇಕಿತ್ತು.

ಅಲ್ಲಿಂದ ಮುಂದೆ ಜ್ಞಾನ ವೇಗವಾಗಿ ಬೆಳೆಯಿತು. ಅದೇ ವಿಯೆನ್ನಾದ ಎಮಿಲ್ ಕ್ನಾವರ್ ಇದಕ್ಕೂ ಮೊದಲೇ, 1890ರ ದಶಕದಲ್ಲಿ, ಮೊಲಗಳ ಅಂಡಾಶಯವನ್ನು ತೆಗೆದು ಮೈಯ ಬೇರೆ ಕಡೆ ಕಸಿ ಮಾಡಿದರೂ ಗರ್ಭಕೋಶ ಬಾಡುವುದಿಲ್ಲ ಎಂದು ತೋರಿಸಿದ್ದನು. ಅಂದರೆ ಅಂಡಾಶಯದ ಅಪ್ಪಣೆ ನರಗಳಿಂದ ಬರದೆ ರಕ್ತದ ಮೂಲಕ ಬರುತ್ತದೆ ಎಂದಾಯಿತು. ಜರ್ಮನಿಯ ರಾಬರ್ಟ್ ಶ್ರೋಡರ್ 1910ರ ದಶಕದಲ್ಲಿ ಅಂಡಾಶಯದ ಬದಲಾವಣೆಗೂ ಒಳಪದರಿನ ಬದಲಾವಣೆಗೂ ತಾಳೆ ಹಾಕಿ, ಬೆಳವಣಿಗೆ ಮತ್ತು ಸ್ರವಿಕೆಯ ಹಂತಗಳನ್ನು ಸ್ಪಷ್ಟಪಡಿಸಿದನು. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಡಾಯ್ಸಿ ಈಸ್ಟ್ರೋಜೆನ್ನಿನ ಪ್ರಭಾವವನ್ನೂ, 1929ರಲ್ಲಿ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ ಹಳದಿ ಗಡ್ಡೆಯ ರಸದ ಪ್ರಭಾವವನ್ನೂ ತೋರಿಸಿದರು. 1940ರಲ್ಲಿ ಮಾರ್ಕಿ ಎಂಬ ವಿಜ್ಞಾನಿ ಮಂಗಗಳ ಗರ್ಭಕೋಶದ ಒಳಪದರಿನ ಚೂರುಗಳನ್ನು ಅವುಗಳ ಕಣ್ಣಿನ ಮುಂಭಾಗದಲ್ಲಿ ನೆಟ್ಟು, ಪಾರದರ್ಶಕ ಪೊರೆಯ ಮೂಲಕ ಸುರುಳಿ ನಾಳಗಳು ಬಿಗಿಯುವುದನ್ನೂ ರಕ್ತ ಬರುವುದನ್ನೂ ಕಣ್ಣಾರೆ ನೋಡಿ ಬರೆದನು.

1950ರಲ್ಲಿ ನಾಯ್ಸ್, ಹರ್ಟಿಗ್, ರಾಕ್ ಎಂಬ ಮೂವರು ಅಮೆರಿಕನ್ ವೈದ್ಯರು ಒಳಪದರಿನ ತುಣುಕನ್ನು ನೋಡಿ ಅದು ಚಕ್ರದ ಎಷ್ಟನೇ ದಿನದ್ದು ಎಂದು ಹೇಳುವ ಕ್ರಮವನ್ನು ಪ್ರಕಟಿಸಿದರು. ಆ ಲೇಖನದ ಹೆಸರಿನಲ್ಲಿಯೇ 'ದಿನಾಂಕ ಗುರುತಿಸುವುದು' ಎಂಬ ಅರ್ಥದ ಮಾತಿದೆ. ಒಬ್ಬೊಬ್ಬರಲ್ಲಿ ಒಂದೆರಡು ದಿನಗಳ ವ್ಯತ್ಯಾಸ ಇದ್ದೇ ಇರುವುದರಿಂದ ಈ ಕ್ರಮವನ್ನು ಕಣ್ಣುಮುಚ್ಚಿ ನಂಬಬಾರದೆಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಆದರೂ 1908ರಲ್ಲಿ ಕಲಿತ ಪಾಠ ಬದಲಾಗಲಿಲ್ಲ.

ಓದಿದವರ ಮೂಢನಂಬಿಕೆ

ಮೂಢನಂಬಿಕೆ ಓದದವರಲ್ಲಿ ಮಾತ್ರ ಇರುತ್ತದೆ ಎಂದು ನೀವು ತಿಳಿದಿದ್ದರೆ ಈ ಸಂಗತಿಯನ್ನು ಕೇಳಿರಿ. ಹಿಟ್ಷ್‌ಮನ್ ಮತ್ತು ಆಡ್ಲರ್ ಕೆಲಸ ಮಾಡಿದ ಅದೇ ವಿಯೆನ್ನಾದಲ್ಲಿ, ಅವರ ಶೋಧವಾಗಿ 12 ವರ್ಷಗಳ ಮೇಲೆ, 1920ರಲ್ಲಿ ಬೇಲಾ ಶಿಕ್ ಎಂಬ ಹೆಸರಾಂತ ಮಕ್ಕಳ ವೈದ್ಯನು ಮುಟ್ಟಾದ ಹೆಂಗಸಿನ ಕೈತಾಗಿದರೆ ಹೂಗಳು ಬಾಡುತ್ತವೆ, ಅವಳ ಮೈಯಲ್ಲಿ ವಿಷವಿರುತ್ತದೆ ಎಂದು ಬರೆದನು. ಆ 'ಮುಟ್ಟಿನ ವಿಷ'ವನ್ನು ಹುಡುಕುತ್ತ ಹಲವರು ದಶಕಗಳನ್ನೇ ಕಳೆದರು. ಅಂಥ ವಿಷವಿದೆಯೆಂಬುದು ರುಜುವಾತಾಗಲಿಲ್ಲ. ಉಪ್ಪಿನಕಾಯಿ ಮುಟ್ಟಬೇಡ, ಹಪ್ಪಳ ಮುಟ್ಟಬೇಡ ಎಂದು ನಮ್ಮ ಅಜ್ಜಿಯರು ಹೇಳಿದರೆ ಅವರನ್ನು ನೋಡಿ ನಗುವ ಮೊದಲು ಈ ಪ್ರಸಂಗವನ್ನು ನೆನೆಯಬೇಕು. ಅವರಿಗೆ ಪ್ರಯೋಗಶಾಲೆ ಇರಲಿಲ್ಲ. ಶಿಕ್‌ಗೆ ಇತ್ತು.

ನಮ್ಮ ಬಾಗಿಲಿಗೆ ಬಂದ ಇತಿಹಾಸ

ಇದೆಲ್ಲ ದೂರದ ದೇಶಗಳ ಹಳೆಯ ಕಥೆ ಎಂದು ನೀವು ಪುಟ ತಿರುವುವಂತಿಲ್ಲ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಲಂಬಾಣಿ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ಏರುಪೇರು ಎಂದು ಆಸ್ಪತ್ರೆಗೆ ಹೋದಾಗ, ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಬೆಳಕಿಗೆ ಬಂದವು. ಸರ್ಕಾರದಿಂದ ತನಿಖೆ ನಡೆಯಿತು. ಹೀಗೆ ಗರ್ಭಕೋಶ ಕಳೆದುಕೊಂಡ ಮಹಿಳೆಯರು ನ್ಯಾಯ ಕೇಳಿ 2017ರಲ್ಲಿ ಕಲಬುರಗಿಯಲ್ಲಿ ಬೀದಿಗಿಳಿದರು. ಅವರಲ್ಲಿ ನಲವತ್ತು ದಾಟದವರೂ ಅನೇಕರಿದ್ದರು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ, ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿಲ್ಲ ಎಂಬುದು 2019ರ ಸರ್ಕಾರಿ ಸಮೀಕ್ಷೆಯಲ್ಲಿ ಕಂಡುಬಂದಿತು. ಮುಟ್ಟಿನ ದಿನ ಕೆಲಸಕ್ಕೆ ಹೋಗದಿದ್ದರೆ ಕೂಲಿ ಹೋಗುತ್ತದೆ, ಮೇಲೆ ದಂಡ ಬೀಳುತ್ತದೆ ಎಂಬ ಭಯವೂ ಅಲ್ಲಿ ಕಾರಣವಾಗಿತ್ತು. ನಮ್ಮ ಭಾಗದಿಂದಲೂ ಕುಟುಂಬಗಳು ಕಬ್ಬಿಗೆ ದುಡಿಯಲು ಹೋಗುತ್ತವೆ. ಆದ್ದರಿಂದ ಈ ಮಾತು ನಮಗೂ ಸೇರಿದ್ದು.

ಗರ್ಭಕೋಶ ತೆಗೆಯುವುದು ಕೆಲವು ಕಾಯಿಲೆಗಳಲ್ಲಿ ಜೀವ ಉಳಿಸುತ್ತದೆ, ಇದರಲ್ಲಿ ಸಂದೇಹವಿಲ್ಲ. ಪ್ರಾಮಾಣಿಕ ವೈದ್ಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 1984ರಿಂದ ಅಲ್-ಅಮೀನ್, 1986ರಿಂದ ಬಿ.ಎಲ್.ಡಿ.ಇ., ಹೀಗೆ ಎರಡು ವೈದ್ಯಕೀಯ ಕಾಲೇಜುಗಳು ವಿಜಯಪುರದಲ್ಲಿಯೇ ಇವೆ. ಆದರೆ ಅವಶ್ಯಕತೆಯಿಲ್ಲದ ಶಸ್ತ್ರಕ್ರಿಯೆ ಬಡವರ ಮನೆಯಲ್ಲಿ ಸಾಲವನ್ನೂ, ಹೆಣ್ಣಿನ ಮೈಯಲ್ಲಿ ನಿಶ್ಶಕ್ತಿಯನ್ನೂ ಬಿಟ್ಟುಹೋಗುತ್ತದೆ. ಅಂಡಾಶಯಗಳನ್ನೂ ತೆಗೆದರೆ ಮುಪ್ಪಿನ ತೊಂದರೆಗಳು ಆ ಕೂಡಲೇ ಬರುತ್ತವೆ. ಉಳಿಸಿದರೂ ಅವು ಬೇಗ ಸೋಲುವ ಸಂಭವವಿದೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಾವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರವು ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ನಾವು ಮಾಡಬೇಕಾದದ್ದು

ಬೆಳಕಿನ ಕೆಲಸವೂ ನಡೆದಿದೆ. ಸ್ವತಃ ವೈದ್ಯೆಯಾಗಿದ್ದ ಡಾ. ಅನುಪಮಾ ನಿರಂಜನ 'ತಾಯಿ ಮಗು', 'ವಧುವಿಗೆ ಕಿವಿಮಾತು' ಮುಂತಾದ ಪುಸ್ತಕಗಳ ಮೂಲಕ ಈ ವಿಷಯಗಳನ್ನು ಕನ್ನಡದ ಮನೆಗಳಿಗೆ ತಲುಪಿಸಿದರು. ಕರ್ನಾಟಕ ಸರ್ಕಾರ 2013-14ರಲ್ಲಿ 'ಶುಚಿ' ಯೋಜನೆಯನ್ನು ಆರಂಭಿಸಿ ಶಾಲಾ ಬಾಲಕಿಯರಿಗೆ ಉಚಿತ ಪ್ಯಾಡ್ ಕೊಡತೊಡಗಿತು. 2025ರ ಅಕ್ಟೋಬರ್‌ನಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನದಂತೆ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಂಪುಟ ಒಪ್ಪಿಗೆ ನೀಡಿತು. ಆದರೆ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ದಿನಗೂಲಿಗೆ ಹೋಗುವ ನಮ್ಮ ತಾಯಂದಿರಿಗೆ ರಜೆ ಕೊಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ.

ವಿದ್ಯಾರ್ಥಿನಿಯರೇ, ನಿಮಗೆ ನನ್ನ ಮೊದಲ ಮಾತು: ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿರಿ. ಪ್ರತಿ ತಿಂಗಳು ಮುಟ್ಟು ಬಂದ ತಾರೀಖು, ನಿಂತ ತಾರೀಖು, ಇಷ್ಟು ಬರೆದರೆ ಸಾಕು. ಮುಟ್ಟು ಆರಂಭವಾದ ಮೊದಲ ಕೆಲವು ವರ್ಷ ದಿನಗಳು ಹಿಂದೆ ಮುಂದೆ ಆಗುವುದು ಸಹಜ, ಹೆದರಬೇಡಿರಿ. ಆದರೆ ಎಂಟು ದಿನಕ್ಕೂ ಮೀರಿ ರಕ್ತ ಹೋದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ, ತಲೆಸುತ್ತು ಬಂದು ಮುಖ ಬಿಳುಪೇರಿದರೆ ತಾಯಿಗೆ ಹೇಳಿರಿ, ವೈದ್ಯರ ಬಳಿ ಹೋಗಿರಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ನಿಮ್ಮ ಅಜ್ಜಿಗೋ ದೊಡ್ಡಮ್ಮನಿಗೋ ಮತ್ತೆ ರಕ್ತ ಕಂಡರೆ ಅದನ್ನಂತೂ ತಡಮಾಡದೆ ತೋರಿಸಬೇಕು. ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. ತಾರೀಖು ಕೇಳದೆಯೇ ಶಸ್ತ್ರಕ್ರಿಯೆಯ ಮಾತೆತ್ತಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಅದು ನಿಮ್ಮ ಹಕ್ಕು.

ವಿದ್ಯಾರ್ಥಿಗಳೇ, ಇದು ಹುಡುಗಿಯರ ಪಾಠ ಎಂದು ನೀವು ಕಿಸಕ್ಕೆಂದು ನಗಬೇಡಿರಿ. ನಾಳೆ ಆಸ್ಪತ್ರೆಯ ಕಾಗದದ ಮೇಲೆ ರುಜು ಮಾಡುವವರು ನೀವೇ: ಮಗನಾಗಿ, ಅಣ್ಣನಾಗಿ, ಗಂಡನಾಗಿ. ಯಾವುದಕ್ಕೆ ರುಜು ಮಾಡುತ್ತಿದ್ದೇವೆಂದು ತಿಳಿದಿರಬೇಕಲ್ಲವೇ?

ಸಂಘದ ಹಿರಿಯರಲ್ಲಿ ಒಂದು ಅರಿಕೆ. ವರ್ಷಕ್ಕೊಮ್ಮೆಯಾದರೂ ಒಬ್ಬ ವೈದ್ಯೆಯನ್ನು ಕರೆಸಿ ನಮ್ಮ ಶಾಲೆಗಳ ತಾಯಂದಿರಿಗೆ ಈ ವಿಷಯವನ್ನು ಉರ್ದು ಮತ್ತು ಕನ್ನಡ ಎರಡರಲ್ಲಿಯೂ ತಿಳಿಸುವ ಏರ್ಪಾಡು ಮಾಡೋಣ. ಆ ದಿನ ಬಂದ ಪ್ರತಿಯೊಬ್ಬ ತಾಯಿಗೂ ಒಂದು ಕ್ಯಾಲೆಂಡರು, ಒಂದು ಪೆನ್ಸಿಲು ಕೊಟ್ಟು ಕಳಿಸೋಣ. ಇದಕ್ಕೆ ಹೆಚ್ಚು ಖರ್ಚು ಬರುವುದಿಲ್ಲ.